ಯಕೃತ್ತಿಗೆ ರಕ್ಷಣೆಯ ಭರವಸೆ ಕೊಡುವ ಸಸ್ಯಸಾರದ ಕ್ಯಾಪ್ಸೂಲ್: ತೊಂಬತ್ತು ದಿನಗಳ ಬಳಕೆಯ ನಂತರದ ವಿಮರ್ಶೆ

ಯಕೃತ್ತಿನ ರಕ್ಷಣೆಗೆಂದು ಮಾರಾಟವಾಗುವ, ಮೂರು ಸಸ್ಯಗಳ ಸಾರವನ್ನು ಬೆರೆಸಿದ ಒಂದು ಕ್ಯಾಪ್ಸೂಲನ್ನು ನಾನು ತೊಂಬತ್ತು ದಿನ ಸೇವಿಸಿದ್ದೇನೆ. ಬಾಟಲಿಯ ಮುಂಭಾಗದಲ್ಲಿ ಹಸಿರು ಎಲೆಯೊಂದರ ನಡುವೆ ಯಕೃತ್ತಿನ ಚಿತ್ರವಿದೆ; ಅದರ ಕೆಳಗೆ, ಉತ್ಕರ್ಷಣ ಒತ್ತಡದಿಂದ ಅಂಗಾಂಗಗಳಿಗೆ ಸಂಪೂರ್ಣ ರಕ್ಷಣೆ ದೊರೆಯುತ್ತದೆ ಎಂಬ ಅರ್ಥದ ಸಾಲೊಂದಿದೆ. ಆ ಒಂದು ಸಾಲನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೇ ಇಲ್ಲಿ ಪರಿಶೀಲಿಸಿದ್ದೇನೆ. ತಯಾರಕರ ಹೆಸರನ್ನು ಬರೆದಿಲ್ಲ, ಏಕೆಂದರೆ ನಾನು ಎತ್ತುವ ಬಹುಪಾಲು ಆಕ್ಷೇಪಗಳು ಇದೇ ಬಗೆಯ ಹತ್ತಾರು ಬಾಟಲಿಗಳಿಗೂ ಅನ್ವಯಿಸುತ್ತವೆ. ಓದುಗರು ತಮ್ಮ ಕೈಯಲ್ಲಿರುವ ಬಾಟಲಿಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಹೆಚ್ಚು ಪ್ರಯೋಜನವಾದೀತು.

ನಾನು ಇದನ್ನು ಕೊಂಡ ಸಂದರ್ಭವನ್ನು ಮೊದಲು ಹೇಳಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ನನ್ನ ಯಕೃತ್ತಿನಲ್ಲಿ ಕೊಬ್ಬು ಸೇರಿಕೊಂಡಿರುವುದು ಕಂಡುಬಂದಿತ್ತು. ರಕ್ತಪರೀಕ್ಷೆಯಲ್ಲಿ, ಯಕೃತ್ತಿನ ಕೋಶಗಳು ಹಾನಿಗೊಂಡಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವ 71 ಬಂದಿತ್ತು. ತೂಕ ಇಳಿಸಿ, ದಿನವೂ ನಡೆಯಿರಿ, ಮೂರು ತಿಂಗಳ ನಂತರ ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ವೈದ್ಯರು ಹೇಳಿದರು, ಔಷಧ ಬರೆಯಲಿಲ್ಲ. ಔಷಧದ ಚೀಟಿಯಿಲ್ಲದೆ ಹೊರಗೆ ಬಂದ ರೋಗಿಗೆ ಏನನ್ನಾದರೂ ನುಂಗಬೇಕೆಂಬ ಆಸೆ ಎಷ್ಟು ಬಲವಾಗಿರುತ್ತದೆ ಎಂಬುದು ನನಗೆ ಅಂದು ಅರ್ಥವಾಯಿತು. ಔಷಧಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು, ವಿದ್ಯಾರ್ಥಿಯಾಗಿದ್ದಾಗ ಇಂತಹುದೇ ಸಸ್ಯಸಾರಗಳನ್ನು ಇಲಿಗಳ ಮೇಲೆ ಪ್ರಯೋಗಿಸಿದವಳು, ಆದರೂ ಬಾಟಲಿಯನ್ನು ಕೊಂಡೆ. ಆದ್ದರಿಂದ ಇದನ್ನು ಕೊಳ್ಳುವವರ ಬಗ್ಗೆ ನನ್ನಲ್ಲಿ ಒಂದಿಷ್ಟೂ ತಾತ್ಸಾರವಿಲ್ಲ.

ಬಾಟಲಿಯ ಹಿಂಭಾಗದಲ್ಲಿ ಮೂರು ಹೆಸರುಗಳಿವೆ: ಮಿಲ್ಕ್ ಥಿಸಲ್ ಗಿಡದ ಸಾರ, ಕಾಳುಮೆಣಸಿನ ಸಾರದೊಂದಿಗೆ ಅರಿಶಿನದ ಸಾರ, ಮತ್ತು ಹಸಿರು ಚಹಾದ ಎಲೆಯ ಸಾರ. ಇವುಗಳ ಎದುರಿಗೆ ಒಂದೇ ಒಂದು ಅಂಕಿಯಿದೆ, ಸ್ವಾಮ್ಯದ ಮಿಶ್ರಣ (ಪ್ರೊಪ್ರೈಟರಿ ಬ್ಲೆಂಡ್) 650 ಮಿಲಿಗ್ರಾಂ. ದಿನಕ್ಕೆ ಎರಡು ಕ್ಯಾಪ್ಸೂಲ್ ಎಂಬ ಸೂಚನೆಯಂತೆ ನನ್ನ ಹೊಟ್ಟೆಗೆ ದಿನಕ್ಕೆ 1,300 ಮಿಲಿಗ್ರಾಂ ಮಿಶ್ರಣ ಹೋಗುತ್ತಿತ್ತು. ಅದರಲ್ಲಿ ಯಾವ ಗಿಡದ ಪಾಲು ಎಷ್ಟು, ಗಿಡದ ಯಾವ ಭಾಗದಿಂದ ತೆಗೆದದ್ದು, ನೀರಿನಲ್ಲಿ ತೆಗೆದದ್ದೋ ಆಲ್ಕೋಹಾಲಿನಲ್ಲಿ ತೆಗೆದದ್ದೋ ಎಂಬ ಯಾವ ವಿವರವೂ ಇರಲಿಲ್ಲ. ಸಸ್ಯಸಾರದ ವಿಷಯದಲ್ಲಿ ಈ ವಿವರಗಳೇ ಮುಖ್ಯ. ಒಂದೇ ಗಿಡದ ಬೀಜ, ಬೇರು ಮತ್ತು ಎಲೆಗಳಲ್ಲಿರುವ ರಾಸಾಯನಿಕಗಳು ಬೇರೆ ಬೇರೆ; ಒಂದೇ ಬೀಜವನ್ನು ನೀರಿನಲ್ಲಿ ಕುದಿಸಿದಾಗ ಬರುವುದು ಒಂದು, ಆಲ್ಕೋಹಾಲಿನಲ್ಲಿ ನೆನೆಸಿದಾಗ ಬರುವುದು ಇನ್ನೊಂದು. ಮಿಲ್ಕ್ ಥಿಸಲ್‌ನ ಮುಖ್ಯ ರಾಸಾಯನಿಕಗಳ ಗುಂಪಾದ ಸಿಲಿಮರಿನ್ ಇರುವುದು ಅದರ ಬೀಜದಂತೆ ಕಾಣುವ ಒಣಕಾಯಿಯಲ್ಲಿ, ಮತ್ತು ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಈ ಕಾರಣಕ್ಕೆ, ಮಿಲ್ಕ್ ಥಿಸಲ್ ಸಾರ ಎಂಬ ಎರಡು ಮೂರು ಪದಗಳು ಕೊಳ್ಳುವವರಿಗೆ ಏನನ್ನೂ ತಿಳಿಸುವುದಿಲ್ಲ.

ಎರಡನೆಯ ಬಾಟಲಿಯನ್ನು ತೆರೆದ ದಿನ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಮೊದಲ ಬಾಟಲಿಯಲ್ಲಿ ಉಳಿದಿದ್ದ ಒಂದು ಕ್ಯಾಪ್ಸೂಲನ್ನೂ ಹೊಸ ಬಾಟಲಿಯ ಒಂದನ್ನೂ ಬಿಡಿಸಿ, ಪುಡಿಯನ್ನು ಬಿಳಿಯ ಬಸಿಯ ಮೇಲೆ ಪಕ್ಕಪಕ್ಕದಲ್ಲಿ ಸುರಿದೆ. ಮೊದಲನೆಯದು ಗಾಢ ಹಳದಿ, ಬೆರಳಿಗೆ ಅಂಟಿ ಬಣ್ಣ ಬಿಡುವಂತಹದು, ಕಾಳುಮೆಣಸಿನ ಘಾಟು ಸ್ಪಷ್ಟವಾಗಿತ್ತು. ಎರಡನೆಯದು ಹಸಿರು ಮಿಶ್ರಿತ ಕಂದು, ಹೆಚ್ಚು ಒರಟು, ಒಣಗಿದ ಎಲೆಯ ವಾಸನೆ. ನಾಲಿಗೆಯ ತುದಿಗೆ ಇಟ್ಟಾಗ ಒಗರು. ಚೀಟಿಯ ಮೇಲಿನ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದದ್ದು ಬ್ಯಾಚ್ ಸಂಖ್ಯೆ ಮಾತ್ರ. ಸಸ್ಯಮೂಲದ ಪುಡಿಯಲ್ಲಿ ಬಣ್ಣ ಸ್ವಲ್ಪ ಆಚೀಚೆ ಆಗುವುದು ಸಹಜವೇ, ಆದರೆ ಹಳದಿಯಿಂದ ಕಂದಿಗೆ ತಿರುಗುವಷ್ಟು ವ್ಯತ್ಯಾಸವೆಂದರೆ ಮಿಶ್ರಣದ ಪ್ರಮಾಣವೇ ಬದಲಾಗಿರುವ ಸಾಧ್ಯತೆ ಹೆಚ್ಚು. ಒಟ್ಟು 650 ಮಿಲಿಗ್ರಾಂ ಎಂದು ಮಾತ್ರ ಬರೆದಿರುವವರೆಗೆ ಒಳಗಿನ ಪಾಲುಗಳು ಹೇಗೆ ಬದಲಾದರೂ ಕೊಂಡವರಿಗೆ ಗೊತ್ತಾಗುವ ಮಾರ್ಗವಿಲ್ಲ.

ತಯಾರಕರಿಗೆ ಪತ್ರ ಬರೆದು ನಾಲ್ಕು ಪ್ರಶ್ನೆ ಕೇಳಿದೆ. ಪ್ರತಿ ಸಾರದ ತೂಕ ಎಷ್ಟು, ಅದು ಗಿಡದ ಯಾವ ಭಾಗದ್ದು, ಹಸಿರು ಚಹಾದ ಸಾರದಲ್ಲಿ ಇಜಿಸಿಜಿ ಎಂಬ ಕ್ಯಾಟೆಚಿನ್ (ಚಹಾದ ಒಗರು ಅಂಶ) ಎಷ್ಟು ಮಿಲಿಗ್ರಾಂ ಇದೆ, ಸೀಸ ಮತ್ತು ಪಾದರಸದಂತಹ ಭಾರಲೋಹಗಳ ಪರೀಕ್ಷೆಯ ವರದಿಯನ್ನು ಕಳಿಸುವಿರಾ. ವಾರದ ನಂತರ ಬಂದ ಉತ್ತರದಲ್ಲಿ ನನ್ನ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಬದಲಿಗೆ, ಈ ಉತ್ಪನ್ನವು ವೈಜ್ಞಾನಿಕವಾಗಿ ಸಾಬೀತಾಗಿದೆ ಎಂಬ ಒಕ್ಕಣೆಯೊಂದಿಗೆ ಎರಡು ಪುಟಗಳ ಒಂದು ಸಾರಾಂಶವಿತ್ತು. ಮೊದಲ ಪುಟದಲ್ಲಿ ಪ್ರಯೋಗನಳಿಕೆಯ ಪರೀಕ್ಷೆ, ಎರಡನೆಯದರಲ್ಲಿ ಇಲಿಗಳ ಮೇಲಿನ ಪರೀಕ್ಷೆ. ಮನುಷ್ಯರ ಬಗ್ಗೆ ಒಂದು ಸಾಲೂ ಇಲ್ಲ. ಈ ಎರಡೂ ಪರೀಕ್ಷೆಗಳನ್ನು ನನ್ನ ಕೈಯಾರೆ ಮಾಡಿದವಳಾದ್ದರಿಂದ ಅವುಗಳ ಬೆಲೆಯೂ ಮಿತಿಯೂ ನನಗೆ ತಿಳಿದಿವೆ, ಮತ್ತು ಈ ಬಾಟಲಿಯನ್ನು ತೂಗಿ ನೋಡಲು ಅದನ್ನು ವಿವರವಾಗಿ ಹೇಳುವುದು ಅಗತ್ಯ.

ಮೊದಲು ಉತ್ಕರ್ಷಣ ಒತ್ತಡವೆಂದರೇನು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ನಾವು ಉಸಿರಾಡುವ ಆಮ್ಲಜನಕವನ್ನು ಜೀವಕೋಶಗಳು ಬಳಸುವಾಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂತಹ ಉಗ್ರ ಸ್ವಭಾವದ ಕಣಗಳು ಹುಟ್ಟುತ್ತವೆ. ಅವು ಕೋಶದ ಪೊರೆಯ ಕೊಬ್ಬನ್ನು, ಪ್ರೋಟೀನನ್ನು, ಡಿಎನ್ಎಯನ್ನು ಕೆಡಿಸಬಲ್ಲವು. ದೇಹದಲ್ಲಿ ಅವನ್ನು ತಣಿಸುವ ವ್ಯವಸ್ಥೆಯೂ ಇದೆ. 1969ರಲ್ಲಿ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವದ ಕೆಲಸವನ್ನು ತೋರಿಸಿಕೊಟ್ಟರು, ಅದರ ಜೊತೆಗೆ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ದುಡಿಯುತ್ತವೆ. ಹುಟ್ಟುವುದು ಹೆಚ್ಚಾಗಿ ತಣಿಸುವುದು ಸಾಲದೆ ಹೋದ ಸ್ಥಿತಿಗೆ ಉತ್ಕರ್ಷಣ ಒತ್ತಡ ಎಂಬ ಹೆಸರನ್ನು 1985ರಲ್ಲಿ ಹೆಲ್ಮುಟ್ ಸೀಸ್ ನೆಲೆಗೊಳಿಸಿದರು. ಇಷ್ಟೂ ಗಟ್ಟಿಯಾದ ವಿಜ್ಞಾನ. ಆದರೆ ಈ ಕಣಗಳು ಬರಿಯ ಶತ್ರುಗಳಲ್ಲ. ರಕ್ತದ ಬಿಳಿಯ ಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಇವುಗಳಿಂದಲೇ, ವ್ಯಾಯಾಮದ ನಂತರ ಸ್ನಾಯುಗಳು ತಮ್ಮನ್ನು ಬಲಪಡಿಸಿಕೊಳ್ಳಲು ಸಂಕೇತ ಪಡೆಯುವುದೂ ಇವುಗಳಿಂದಲೇ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವ್ಯಾಯಾಮದ ಜೊತೆಗೆ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಸೇವಿಸಿದವರಲ್ಲಿ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿಯಲ್ಲಿ ವ್ಯಾಯಾಮದಿಂದ ಆಗಬೇಕಿದ್ದ ಸುಧಾರಣೆಯೇ ಕಾಣಲಿಲ್ಲ. ಸಂಪೂರ್ಣ ರಕ್ಷಣೆ ಎಂಬ ಮಾತು ಈ ಕಾರಣದಿಂದಲೇ ತಪ್ಪು. ಈ ಕಣಗಳನ್ನೆಲ್ಲ ಅಳಿಸಿಹಾಕುವುದು ಯಾವ ಅಂಗಕ್ಕೂ ಬೇಕಾದ ರಕ್ಷಣೆಯಲ್ಲ.

ಇನ್ನು, ಸಾರವು ಇಂತಹ ಕಣಗಳನ್ನು ತಣಿಸುತ್ತದೆಯೇ ಎಂದು ನೋಡುವ ಪ್ರಯೋಗನಳಿಕೆಯ ಪರೀಕ್ಷೆ. ಡಿಪಿಪಿಎಚ್ ಎಂಬ ಪುಡಿಯನ್ನು ಮೆಥನಾಲಿನಲ್ಲಿ ಕರಗಿಸಿದರೆ ನೇರಳೆ ಬಣ್ಣ ಬರುತ್ತದೆ. ಅದಕ್ಕೆ ಸಸ್ಯಸಾರದ ಕೆಲವು ಹನಿ ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಇಟ್ಟರೆ ನೇರಳೆ ಕರಗಿ ಹಳದಿಯಾಗುತ್ತದೆ, ಬಣ್ಣ ಎಷ್ಟು ಇಳಿಯಿತೆಂಬುದನ್ನು 517 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತೇವೆ. ಮೊದಲ ಬಾರಿ ಅದನ್ನು ನೋಡಿದಾಗ ನನಗೆ ರೋಗವೊಂದು ಕಣ್ಣೆದುರೇ ವಾಸಿಯಾದಷ್ಟು ಸಂತೋಷವಾಗಿತ್ತು. ಆದರೆ ಒಗರು ರುಚಿಯ ಬಹುತೇಕ ಎಲ್ಲ ಎಲೆ, ತೊಗಟೆ, ಕಾಯಿಗಳೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ನಳಿಕೆಯಲ್ಲಿ ಕರುಳಿಲ್ಲ, ಯಕೃತ್ತಿಲ್ಲ, ರಕ್ತವಿಲ್ಲ. ಸಾರವು ಹೀರಲ್ಪಡಬೇಕಾದ, ಬೇರೆ ರಾಸಾಯನಿಕವಾಗಿ ಮಾರ್ಪಡಬೇಕಾದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯು ಆಹಾರಗಳ ಇಂತಹ ನಳಿಕೆ ಅಂಕಗಳ ಪಟ್ಟಿಯನ್ನು ಕೆಲ ಕಾಲ ಪ್ರಕಟಿಸುತ್ತಿತ್ತು. ಆ ಅಂಕಗಳಿಗೂ ದೇಹದೊಳಗಿನ ಪರಿಣಾಮಕ್ಕೂ ಸಂಬಂಧವಿದೆ ಎನ್ನಲು ಆಧಾರವಿಲ್ಲವೆಂದೂ, ಮಾರಾಟಗಾರರು ಅವನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆಂದೂ ಹೇಳಿ 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ನನಗೆ ಬಂದ ಸಾರಾಂಶದ ಮೊದಲ ಪುಟ ನಿಂತಿರುವುದು ಇದೇ ಬಗೆಯ ಅಂಕಗಳ ಮೇಲೆ.

ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ವಿಷಯದಲ್ಲಿ ನಳಿಕೆಯ ಪರೀಕ್ಷೆಗಳು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತವೆ. ಕರ್ಕ್ಯುಮಿನ್ ತಾನೇ ಬೆಳಕು ಹೊಮ್ಮಿಸುತ್ತದೆ, ಪ್ರೋಟೀನುಗಳಿಗೆ ಸಿಕ್ಕಸಿಕ್ಕಲ್ಲಿ ಅಂಟಿಕೊಳ್ಳುತ್ತದೆ, ಗುಂಪುಗೂಡುತ್ತದೆ, ಹೀಗಾಗಿ ನಿಜವಾದ ಪರಿಣಾಮವಿಲ್ಲದಿದ್ದರೂ ಪರೀಕ್ಷೆಯಲ್ಲಿ ಸಕಾರಾತ್ಮಕ ಫಲಿತಾಂಶ ಬರುವಂತೆ ಮಾಡುತ್ತದೆ ಎಂದು ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ವಿಸ್ತೃತ ವಿಮರ್ಶೆಯಲ್ಲಿ ತೋರಿಸಿದ್ದಾರೆ.

ಇಲಿಗಳ ಪರೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ಮಾರಾಟದ ಭಾಷೆ ಬಹಳಷ್ಟು ಹುಟ್ಟುವುದು ಅಲ್ಲಿಂದಲೇ. ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತೇವೆ. ಒಂದು ಗುಂಪಿಗೆ ಏನೂ ಇಲ್ಲ, ಒಂದಕ್ಕೆ ಎಣ್ಣೆಯಲ್ಲಿ ಬೆರೆಸಿದ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ, ಇನ್ನೆರಡಕ್ಕೆ ವಿಷ ಕೊಡುವ ಮೊದಲೇ ಹಲವು ದಿನ ಸಸ್ಯಸಾರ, ಸಾಮಾನ್ಯವಾಗಿ ದೇಹದ ತೂಕದ ಕಿಲೋಗ್ರಾಮಿಗೆ 200 ಮತ್ತು 400 ಮಿಲಿಗ್ರಾಂ. ಕೊನೆಯ ದಿನ ರಕ್ತದಲ್ಲಿ ಎಸ್‌ಜಿಪಿಟಿ ಅಳೆದು, ಯಕೃತ್ತನ್ನು ತೆಗೆದು ಫಾರ್ಮಲಿನ್‌ನಲ್ಲಿ ಇಡುತ್ತೇವೆ. ಆ ದೃಶ್ಯ ನನ್ನ ಕಣ್ಣಿಂದ ಮರೆಯಾಗಿಲ್ಲ: ಆರೋಗ್ಯವಂತ ಇಲಿಯ ಯಕೃತ್ತು ನುಣುಪಾಗಿ ಕಡುಗೆಂಪಾಗಿರುತ್ತದೆ, ವಿಷ ಉಂಡದ್ದು ಊದಿಕೊಂಡು, ಮಸುಕು ಹಳದಿಗೆ ತಿರುಗಿ, ಮೇಲ್ಮೈಯೆಲ್ಲ ಮಚ್ಚೆ ಮಚ್ಚೆಯಾಗಿರುತ್ತದೆ, ಸಾರ ಪಡೆದ ಇಲಿಯದು ಇವೆರಡರ ನಡುವೆ, ಕೆಂಪಿನ ಕಡೆಗೆ ವಾಲಿರುತ್ತದೆ. ಸಾಲಾಗಿ ಇಟ್ಟ ಆ ಸೀಸೆಗಳನ್ನು ಕಂಡ ಯಾರಿಗಾದರೂ ಗಿಡವು ಅಂಗವನ್ನು ಉಳಿಸಿತು ಎಂದೇ ಅನ್ನಿಸುತ್ತದೆ.

ಆದರೆ ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿಯೇ ಅಷ್ಟು ಘಾತುಕವಲ್ಲ. ಯಕೃತ್ತಿನಲ್ಲಿರುವ ಸಿವೈಪಿ2ಇ1 ಎಂಬ ಕಿಣ್ವವು ಅದನ್ನು ಮುರಿದು ಉಗ್ರವಾದ ಟ್ರೈಕ್ಲೋರೋಮಿಥೈಲ್ ರ‍್ಯಾಡಿಕಲ್ ಆಗಿ ಮಾಡಿದಾಗಲೇ ಪೊರೆಗಳು ಸುಡುತ್ತವೆ. ಮುಂಚಿತವಾಗಿ ಕೊಟ್ಟ ಸಸ್ಯಸಾರವು ಈ ಕಿಣ್ವವನ್ನು ತಡೆದರೆ ಸಾಕು, ವಿಷ ಹುಟ್ಟುವುದೇ ಕಡಿಮೆಯಾಗುತ್ತದೆ, ಯಕೃತ್ತು ಕೆಂಪಾಗಿಯೇ ಉಳಿಯುತ್ತದೆ. ಅದನ್ನು ಉತ್ಕರ್ಷಣ ನಿರೋಧ ಎನ್ನಲಾಗುವುದಿಲ್ಲ. ಪ್ಯಾರಾಸಿಟಮಾಲ್ ವಿಷದ ಪ್ರಯೋಗಕ್ಕೂ ಇದೇ ಆಕ್ಷೇಪ ಸಲ್ಲುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕೊಬ್ಬು ಸೇರಿದ ಯಕೃತ್ತಿನ ನಾನು ಕಾರ್ಬನ್ ಟೆಟ್ರಾಕ್ಲೋರೈಡ್ ಕುಡಿದವಳಲ್ಲ. ಒಂದೇ ಏಟಿಗೆ ಬಿದ್ದ ವಿಷಕ್ಕೂ, ವರ್ಷಗಟ್ಟಲೆ ನಿಧಾನವಾಗಿ ಶೇಖರವಾದ ಕೊಬ್ಬಿಗೂ, ವೈರಸ್ಸಿನ ಉರಿಯೂತಕ್ಕೂ ಒಂದೇ ರಕ್ಷಣೆ ಸಾಕೆಂದು ಇಲಿಯ ಸೀಸೆಯಿಂದ ತೀರ್ಮಾನಿಸಲಾಗದು. ಹೃದಯಕ್ಕೆ ಹಾನಿಯಾಗಲೆಂದು ಡಾಕ್ಸೊರುಬಿಸಿನ್, ಮೂತ್ರಪಿಂಡಕ್ಕೆ ಹಾನಿಯಾಗಲೆಂದು ಜೆಂಟಮೈಸಿನ್ ಅಥವಾ ಸಿಸ್‌ಪ್ಲಾಟಿನ್ ಎಂಬ ಔಷಧಗಳನ್ನು ಇಲಿಗಳಿಗೆ ಕೊಟ್ಟು ಮಾಡುವ ಪ್ರಯೋಗಗಳ ಸಂಗತಿಯೂ ಇಷ್ಟೆ.

ಪ್ರಮಾಣದ ಲೆಕ್ಕವನ್ನೂ ಮಾಡಿ ನೋಡಿ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸುವಾಗ ದೇಹದ ಮೇಲ್ಮೈಯ ಆಧಾರದಲ್ಲಿ 6.2ರಿಂದ ಭಾಗಿಸುವುದು ರೂಢಿ. ಕಿಲೋಗ್ರಾಮಿಗೆ 400 ಮಿಲಿಗ್ರಾಂ ಎಂಬುದು ಹಾಗೆ ಸುಮಾರು 64.5 ಆಗುತ್ತದೆ, 60 ಕಿಲೋಗ್ರಾಂ ತೂಕದವರಿಗೆ ದಿನಕ್ಕೆ ಸುಮಾರು 3,900 ಮಿಲಿಗ್ರಾಂ, ಅದೂ ಒಂದೇ ಗಿಡದ ಸಾರ. ನಾನು ನುಂಗುತ್ತಿದ್ದುದು ಮೂರೂ ಗಿಡ ಸೇರಿ 1,300. ಅಂದರೆ ತಯಾರಕರು ಆಧಾರವೆಂದು ಕಳಿಸಿದ ಪ್ರಯೋಗವನ್ನೇ ಒಪ್ಪಿಕೊಂಡರೂ ಬಾಟಲಿಯ ಪ್ರಮಾಣ ಅದರ ಹತ್ತಿರಕ್ಕೂ ಬರುವುದಿಲ್ಲ.

ಮನುಷ್ಯರ ಮೇಲಿನ ಪುರಾವೆ ಬೇಕೆಂದರೆ ಸಿಲಿಮರಿನ್‌ನಿಂದ ಆರಂಭಿಸಬೇಕು, ಮೂರರಲ್ಲಿ ಅದೇ ಹೆಚ್ಚು ಗೌರವಕ್ಕೆ ಪಾತ್ರವಾದದ್ದು. ಅದರ ಮುಖ್ಯ ಅಂಶವಾದ ಸಿಲಿಬಿನಿನ್ ಅನ್ನು ನೀರಿನಲ್ಲಿ ಕರಗುವ ರೂಪಕ್ಕೆ ತಂದು, ಅಮಾನಿಟಾ ಫ್ಯಾಲಾಯ್ಡಿಸ್ ಎಂಬ ಪ್ರಾಣಾಂತಕ ಅಣಬೆಯನ್ನು ತಿಂದವರಿಗೆ ಯುರೋಪಿನ ಆಸ್ಪತ್ರೆಗಳಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ, ಕಿಲೋಗ್ರಾಮಿಗೆ ದಿನಕ್ಕೆ 20 ಮಿಲಿಗ್ರಾಮಿನಷ್ಟು. ಅಣಬೆಯ ವಿಷ ಯಕೃತ್ತಿನ ಕೋಶದೊಳಗೆ ನುಗ್ಗಲು ಬಳಸುವ ಸಾಗಣೆ ಪ್ರೋಟೀನನ್ನು ಸಿಲಿಬಿನಿನ್ ಮುಚ್ಚುತ್ತದೆ. ಗಿಡವೊಂದರ ಸಾರ ಆಸ್ಪತ್ರೆಯ ಔಷಧವಾಗಿ ಬೆಳೆದ ಈ ಉದಾಹರಣೆ ನನಗೆ ತುಂಬ ಪ್ರಿಯವಾದದ್ದು, ಮತ್ತು ಗಮನಿಸಬೇಕಾದದ್ದೂ ಹೌದು: ಅಲ್ಲಿರುವುದು ಶುದ್ಧವಾದ ಒಂದೇ ಅಂಶ, ಅಳತೆಯಾದ ಪ್ರಮಾಣ, ನೇರವಾಗಿ ರಕ್ತಕ್ಕೆ, ಮತ್ತು ಕೆಲಸ ಮಾಡುವ ಬಗೆ ಬಾಗಿಲು ಮುಚ್ಚುವುದು. ಬಾಯಿಯ ಮೂಲಕ ಕೊಟ್ಟ ಸಿಲಿಮರಿನ್ ಕತೆ ಬೇರೆ. ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದ ಹೆಪಟೈಟಿಸ್ ಸಿ ರೋಗಿಗಳು 154 ಮಂದಿಗೆ 420 ಅಥವಾ 700 ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಬಾರಿ, 24 ವಾರ ಕೊಟ್ಟ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಎಸ್‌ಜಿಪಿಟಿ ಇಳಿಸುವುದರಲ್ಲಿ ಅದು ಔಷಧದ ಅಂಶವೇ ಇಲ್ಲದ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಕೆಡುಕನ್ನೂ ಮಾಡಲಿಲ್ಲ ಎಂಬುದನ್ನು ಸೇರಿಸಿ ಹೇಳುವುದು ನ್ಯಾಯ.

ಉತ್ಕರ್ಷಣ ನಿರೋಧಕಗಳಿಂದ ಯಕೃತ್ತಿಗೆ ಎಂದೂ ಪ್ರಯೋಜನವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವರಲ್ಲಿ ಬರಿದಾದ ಗ್ಲುಟಾಥಯೋನನ್ನು ತುಂಬಿಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಪ್ರಾಣ ಉಳಿಸುವ ಮದ್ದು. ಮಧುಮೇಹವಿಲ್ಲದ, ಕೊಬ್ಬಿನ ಜೊತೆಗೆ ಉರಿಯೂತವೂ ಇದ್ದ ಯಕೃತ್ತಿನ ರೋಗಿಗಳಿಗೆ ದಿನಕ್ಕೆ 800 ಐಯು ವಿಟಮಿನ್ ಇ ಯನ್ನು 96 ವಾರ ಕೊಟ್ಟಾಗ 43 ಶೇಕಡ ಜನರಲ್ಲಿ ಯಕೃತ್ತಿನ ತುಣುಕು ಪರೀಕ್ಷೆ ಸುಧಾರಣೆ ತೋರಿಸಿತು, ಹುಸಿಗುಳಿಗೆಯಲ್ಲಿ 19 ಶೇಕಡ. ಅದು 2010ರ ಪ್ರಯೋಗ. ನಿರ್ದಿಷ್ಟ ರೋಗ, ನಿರ್ದಿಷ್ಟ ಪದಾರ್ಥ, ನಿರ್ದಿಷ್ಟ ಪ್ರಮಾಣ, ವೈದ್ಯರ ಕಣ್ಗಾವಲು ಇದ್ದಲ್ಲಿ ಫಲ ಕಂಡಿದೆ. ಇದಕ್ಕೆ ಎದುರಾಗಿ, ಗಿಡಗಳ ಹಳದಿ-ಕಿತ್ತಳೆ ವರ್ಣದ್ರವ್ಯವಾದ ಬೀಟಾ-ಕ್ಯಾರೊಟೀನನ್ನು ದಿನಕ್ಕೆ 20 ಮಿಲಿಗ್ರಾಮಿನಂತೆ ಫಿನ್ಲೆಂಡಿನ ಧೂಮಪಾನಿ ಪುರುಷರಿಗೆ ಕೊಟ್ಟ, 29,133 ಮಂದಿ ಪಾಲ್ಗೊಂಡಿದ್ದ ಪ್ರಯೋಗವು 1994ರಲ್ಲಿ ಕಂಡದ್ದೇನೆಂದರೆ, ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡ ಹೆಚ್ಚಾಗಿತ್ತು. ಗಿಡದಿಂದ ಬಂದದ್ದು, ಆದ್ದರಿಂದ ಲಾಭವಿಲ್ಲದಿದ್ದರೂ ನಷ್ಟವಿಲ್ಲ ಎಂಬ ನಂಬಿಕೆಯನ್ನು ನಾನು ಕೈಬಿಟ್ಟದ್ದು ಈ ಪ್ರಯೋಗದ ಬಗ್ಗೆ ಓದಿದ ದಿನ.

ಈಗ ಬಾಟಲಿಯಲ್ಲಿರುವ ಇನ್ನೆರಡು ಸಾರಗಳ ಕಡೆಗೆ ಬರುತ್ತೇನೆ. ನನ್ನ ನಿಜವಾದ ಆತಂಕ ಇರುವುದು ಇವುಗಳ ಬಗ್ಗೆ. ಕರ್ಕ್ಯುಮಿನ್ ತಾನಾಗಿ ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ. 1998ರ ಒಂದು ಸಣ್ಣ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ ಅದರ ಲಭ್ಯತೆ 2,000 ಶೇಕಡ ಏರಿತು. ಅಂದಿನಿಂದ ಈ ಜೋಡಿ ಬಹಳಷ್ಟು ಬಾಟಲಿಗಳಲ್ಲಿ ಇದೆ. ಆದರೆ ಪಿಪರಿನ್ ಇದನ್ನು ಸಾಧಿಸುವುದು ದೇಹವು ಹೊರಗಿನ ಪದಾರ್ಥಗಳನ್ನು ಕಳಚಿ ಹೊರಹಾಕುವ ಕಿಣ್ವಗಳನ್ನು ತಡೆದು, ಮತ್ತು ಆ ತಡೆ ಕರ್ಕ್ಯುಮಿನ್‌ಗೆ ಮಾತ್ರ ಸೀಮಿತವಲ್ಲ. ಫೆನಿಟಾಯಿನ್, ಪ್ರೊಪ್ರನೊಲಾಲ್, ಥಿಯೋಫಿಲಿನ್‌ನಂತಹ ಔಷಧಗಳ ರಕ್ತದ ಮಟ್ಟವನ್ನೂ ಅದು ಏರಿಸುತ್ತದೆ. ಮೂರ್ಛೆರೋಗಕ್ಕೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ, ಆದರೂ ನಾನು ಕೊಂಡ ಬಾಟಲಿಯಲ್ಲಿ ಈ ಕುರಿತು ಒಂದು ಎಚ್ಚರಿಕೆಯ ಸಾಲೂ ಇರಲಿಲ್ಲ. ಅರಿಶಿನದಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರೂ, ಕರ್ಕ್ಯುಮಿನ್ ಪಿತ್ತಕೋಶವನ್ನು ಸಂಕುಚಿಸುವುದರಿಂದ ಪಿತ್ತದ ಕಲ್ಲಿರುವವರೂ ದೂರವಿರುವುದು ಲೇಸು.

ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಯಕೃತ್ತನ್ನು ಕಾಯಬೇಕಾದ ಈ ಎರಡು ಸಾರಗಳೇ ಕೆಲವರ ಯಕೃತ್ತಿಗೆ ಪೆಟ್ಟು ಕೊಟ್ಟಿವೆ. ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲವೊಂದು 2022ರಲ್ಲಿ ಅರಿಶಿನ ಪೂರಕಗಳಿಗೆ ಸಂಬಂಧಿಸಿದ ಹತ್ತು ಪ್ರಕರಣಗಳನ್ನು ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ಯಕೃತ್ತು ವಿಫಲವಾಗಿ ತೀರಿಕೊಂಡರು, ಏಳು ಮಂದಿಯಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಬಗೆಯ ವಂಶವಾಹಿ ಇತ್ತು. ಹಸಿರು ಚಹಾದ ಸಾರದಿಂದ ಯಕೃತ್ತು ಕೆಟ್ಟವರಲ್ಲೂ ಇದೇ ವಂಶವಾಹಿ ಹೆಚ್ಚಾಗಿ ಕಂಡುಬಂದಿದೆ. ಪೂರಕಗಳಲ್ಲಿ ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಇಜಿಸಿಜಿ ಸೇವನೆಯು ಯಕೃತ್ತಿನ ಕಿಣ್ವಗಳ ಏರಿಕೆಗೆ ಸಂಬಂಧಿಸಿದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು, 2022ರಲ್ಲಿ ಐರೋಪ್ಯ ಒಕ್ಕೂಟ ಅದನ್ನು ಕಾನೂನಿನ ಮಿತಿಯಾಗಿಸಿತು. ಕುದಿಸಿ ಸೋಸಿದ ಚಹಾಕ್ಕೂ ಸಾಂದ್ರಗೊಳಿಸಿದ ಸಾರಕ್ಕೂ ಇರುವ ಅಂತರ ದೊಡ್ಡದು. ಅಪಾಯದ ವರದಿಗಳು ಬಹುಮಟ್ಟಿಗೆ ಸಾರದವು. ಇಂತಹ ಹಾನಿ ಅಪರೂಪ, ಸೇವಿಸುವವರ ಸಂಖ್ಯೆಗೆ ಹೋಲಿಸಿದರೆ ಬೆರಳೆಣಿಕೆ. ಆದರೂ ಈ ಎರಡು ಸಾರಗಳನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ಕೂಡಿಸಿ, ಎಷ್ಟಿದೆಯೆಂದು ಹೇಳದೆ, ಆಗಲೇ ಯಕೃತ್ತಿನ ತೊಂದರೆಯಿರುವವರಿಗೆ ಮಾರುವುದನ್ನು ನಾನು ಒಪ್ಪಲಾರೆ.

ಗಿಡದ ಗುರುತಿನ ಪ್ರಶ್ನೆಯನ್ನೂ ಹಗುರವಾಗಿ ಕಾಣಬಾರದು. ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧದಲ್ಲಿ ಒಂದು ಗಿಡದ ಬದಲಿಗೆ ಅರಿಸ್ಟೊಲೋಕಿಯಾ ಜಾತಿಯ ಬೇರೊಂದು ಗಿಡ ಸೇರಿಹೋಗಿ, ಅದನ್ನು ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಬತ್ತಿಹೋದ ಸಂಗತಿ 1993ರಲ್ಲಿ ಹೊರಬಂತು. ಮುಂದೆ ಅವರಲ್ಲಿ ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ಪುಡಿಯಾದ ಮೇಲೆ ಕಣ್ಣಿಗೆ ಗಿಡದ ಗುರುತು ಸಿಗುವುದಿಲ್ಲ, ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಬಸಿಯ ಮೇಲಿನ ಎರಡು ಬಣ್ಣದ ಪುಡಿಗಳನ್ನು ನೋಡುತ್ತ ನನಗೆ ನೆನಪಾದದ್ದು ಇದೇ ಪ್ರಕರಣ.

ನನ್ನ ಸ್ವಂತ ಫಲಿತಾಂಶವನ್ನು ಹೇಳುತ್ತೇನೆ, ಆದರೆ ಅದನ್ನು ಪುರಾವೆಯೆಂದು ಯಾರೂ ತೆಗೆದುಕೊಳ್ಳಬಾರದು. ತೊಂಬತ್ತು ದಿನಗಳ ನಂತರ ಎಸ್‌ಜಿಪಿಟಿ 66 ಬಂತು. ಎಸ್‌ಜಿಪಿಟಿ ದಿನದಿಂದ ದಿನಕ್ಕೆ ತಾನಾಗಿಯೇ ಇಷ್ಟು ಏರಿಳಿಯುತ್ತದೆ, ಹಿಂದಿನ ದಿನ ಹೆಚ್ಚು ವ್ಯಾಯಾಮ ಮಾಡಿದರೂ ಬದಲಾಗುತ್ತದೆ. ಜೊತೆಗೆ ಅಷ್ಟರಲ್ಲಿ ನಾನು ಎರಡು ಕಿಲೋ ತೂಕ ಇಳಿದಿದ್ದೆ. ಕ್ಯಾಪ್ಸೂಲಿನಿಂದಾಗಿ ಐದು ಅಂಕ ಇಳಿಯಿತು ಎಂದೂ ಹೇಳಲಾರೆ, ಅದರಿಂದ ಏನೂ ಆಗಲಿಲ್ಲ ಎಂದೂ ಹೇಳಲಾರೆ. ಬಾಟಲಿಗಳ ಬಗ್ಗೆ ಬರುವ ಉತ್ಸಾಹದ ಅಭಿಪ್ರಾಯಗಳಲ್ಲಿ ಹೆಚ್ಚಿನವು ಇಂತಹ ಒಂದೇ ಅಂಕಿಯ ಮೇಲೆ ನಿಂತಿರುತ್ತವೆ. ದೇಹದ ತೂಕದ 3ರಿಂದ 5 ಶೇಕಡ ಇಳಿದರೆ ಯಕೃತ್ತಿನ ಕೊಬ್ಬು ಕರಗಲು ತೊಡಗುತ್ತದೆ, 7ರಿಂದ 10 ಶೇಕಡ ಇಳಿದರೆ ಉರಿಯೂತವೂ ತಗ್ಗುತ್ತದೆ ಎಂಬುದಕ್ಕೆ ಈ ಮೂರು ಗಿಡಗಳ ಸಾರಕ್ಕಿಂತ ಎಷ್ಟೋ ಗಟ್ಟಿಯಾದ ಆಧಾರವಿದೆ. ವೈದ್ಯರು ಔಷಧ ಬರೆಯದೆ ಕಳಿಸಿದಾಗ ನನಗೆ ಕೊಟ್ಟದ್ದು ಅದೇ ಚಿಕಿತ್ಸೆ, ಅದನ್ನು ಗುರುತಿಸಲು ನನಗೆ ಮೂರು ತಿಂಗಳು ಬೇಕಾಯಿತು.

ಹೋಲಿಕೆಗೆಂದು ಇನ್ನೊಂದು ತಯಾರಿಕೆಯ ಬಾಟಲಿಯನ್ನೂ ತರಿಸಿ ನೋಡಿದೆ, ನುಂಗಲಿಲ್ಲ. ಅದರಲ್ಲಿ ಇರುವುದು ಮಿಲ್ಕ್ ಥಿಸಲ್ ಒಂದೇ. ಚೀಟಿಯಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರು, ಒಣಕಾಯಿಯ ಸಾರ ಎಂಬ ಸ್ಪಷ್ಟನೆ, 175 ಮಿಲಿಗ್ರಾಂ ಸಾರದಲ್ಲಿ 80 ಶೇಕಡ, ಅಂದರೆ 140 ಮಿಲಿಗ್ರಾಂ ಸಿಲಿಮರಿನ್ ಎಂಬ ಲೆಕ್ಕ, ಬ್ಯಾಚ್ ಸಂಖ್ಯೆ ಎಲ್ಲವೂ ಇವೆ. ಬ್ಯಾಚ್ ಸಂಖ್ಯೆಯನ್ನು ನಮೂದಿಸಿದರೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಮತ್ತು ಸೂಕ್ಷ್ಮಾಣುಗಳ ಪರೀಕ್ಷೆಯ ವರದಿ ಸಿಗುತ್ತದೆ. ರೋಗ ವಾಸಿಯಾಗುತ್ತದೆ ಎಂಬ ಮಾತು ಎಲ್ಲಿಯೂ ಇಲ್ಲ. ಇದರಿಂದ ಯಕೃತ್ತಿಗೆ ಲಾಭವಾಗುತ್ತದೆಂದು ನಾನು ಖಾತರಿ ಕೊಡಲಾರೆ, ಮೇಲೆ ಹೇಳಿದ 2012ರ ಪ್ರಯೋಗ ಇದಕ್ಕೂ ಅನ್ವಯಿಸುತ್ತದೆ. ಆದರೆ ಏನನ್ನು ನುಂಗುತ್ತಿದ್ದೇವೆ ಎಂಬುದನ್ನು ಅದು ಪ್ರಾಮಾಣಿಕವಾಗಿ ತಿಳಿಸುತ್ತದೆ, ವೈದ್ಯರ ಮುಂದಿಟ್ಟು ಚರ್ಚಿಸಲು ಸಾಧ್ಯವಾಗುತ್ತದೆ. ಹತ್ತು ಕಿಲೋ ಗಿಡದಿಂದ ಒಂದು ಕಿಲೋ ಸಾರ ಎಂಬರ್ಥದ 10:1ರಂತಹ ಅನುಪಾತಗಳನ್ನು ಮಾತ್ರ ಬರೆದ ಬಾಟಲಿಗಳನ್ನು ಇದರ ಸಾಲಿಗೆ ಸೇರಿಸಬೇಡಿ. ಗಿಡದ ರಾಶಿ ಎಷ್ಟಿತ್ತೆಂಬುದರಿಂದ ಅಂಶ ಎಷ್ಟು ಉಳಿಯಿತೆಂಬುದು ತಿಳಿಯುವುದಿಲ್ಲ.

ಐದಕ್ಕೆ ಅಂಕ ಕೊಡಬೇಕೆಂದರೆ ಮಿಶ್ರಣದ ಕ್ಯಾಪ್ಸೂಲಿಗೆ ಒಂದು, ಒಂಟಿ ಗಿಡದ ಬಾಟಲಿಗೆ ಮೂರು. ಆ ಮೂರೂ ಚೀಟಿಯ ಸ್ಪಷ್ಟತೆಗೆ ಮತ್ತು ಪರೀಕ್ಷೆಯ ವರದಿಗೆ. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಎರಡನ್ನೂ ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು.

ಈಗಾಗಲೇ ಇಂತಹ ಮಿಶ್ರಣವನ್ನು ಸೇವಿಸುತ್ತಿರುವವರು ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣಿನ ಬಿಳಿಭಾಗ ಹಳದಿಯಾದರೆ, ಮೈ ತುರಿಕೆ, ವಾಕರಿಕೆ ಅಥವಾ ಕಾರಣವಿಲ್ಲದ ಸುಸ್ತು ಶುರುವಾದರೆ ಅಂದೇ ಕ್ಯಾಪ್ಸೂಲ್ ನಿಲ್ಲಿಸಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಹಾನಿ ಹಲವು ಸಲ ಸೇವನೆ ಆರಂಭಿಸಿ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಮೊದಲ ವಾರ ಏನೂ ಆಗಲಿಲ್ಲವೆಂಬುದು ನೆಮ್ಮದಿಗೆ ಕಾರಣವಾಗದು. ವೈದ್ಯರು ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ಗಿಡಮೂಲಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಏನೂ ಇಲ್ಲ ಎನ್ನುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಬಾಟಲಿಯನ್ನು ಎಸೆಯದೆ, ಉಳಿದ ಕ್ಯಾಪ್ಸೂಲುಗಳ ಸಮೇತ ಜೊತೆಗೆ ಕೊಂಡೊಯ್ಯಿರಿ. ಬ್ಯಾಚ್ ಸಂಖ್ಯೆ ಇರುವುದು ಅದರ ಮೇಲೆ, ಪರೀಕ್ಷೆಗೆ ಬೇಕಾದ ಪುಡಿ ಇರುವುದೂ ಅದರೊಳಗೇ.